ಗಿರಣಿ ಮುಂದಿನ ಕರಿಹಲಗೆ

ವಾರ್ಡ್ ಸಭೆಗೆ ಜನ ಬರುವುದಿಲ್ಲ, ಹಾಜರಿ ಪುಸ್ತಕವನ್ನು ಮನೆ ಮನೆಗೆ ಕಳಿಸಿ ಸಹಿ ಹಾಕಿಸಿಬಿಡು ಎಂದು ನಮ್ಮ ಗ್ರಾಮ ಪಂಚಾಯಿತಿಯ ಹಿರಿಯ ಸದಸ್ಯರೊಬ್ಬರು, ಅಲ್ಲಿಯೇ ಸದಸ್ಯನಾದ ನನಗೆ ಉಪದೇಶ ಮಾಡಿದ್ದರು. ಹಿರೇಕೆರೂರು ಕಡೆಯ ನಮ್ಮ ವಾರ್ಡಿನಲ್ಲಿ ಕಳೆದ ಸಭೆಗೆ 110ರ ಆಸುಪಾಸು ಜನ ಕುಳಿತಿದ್ದರು. ಆ ಹಿರಿಯರೂ ಬಂದು ಹಿಂದೆ ನಿಂತಿದ್ದರು, ಕೂಡಲು ಜಾಗವಿರಲಿಲ್ಲ.

ಮೊದಲ ಸಭೆ ನೆನೆದರೆ ಈಗಲೂ ನಾಚಿಕೆ. ಫ್ಲೆಕ್ಸ್, ಶಾಮಿಯಾನ, ಚಹಾ, ಮಿರ್ಚಿ ಎಂದು ನನ್ನ ಕೈಯಿಂದ ಸುಮಾರು 3,500 ರೂಪಾಯಿ ಹೋಯಿತು. ಬಂದವರು ಒಂಬತ್ತು ಜನ, ಅದರಲ್ಲಿ ಇಬ್ಬರು ಶಾಮಿಯಾನದವರು. ಎರಡನೆಯ ಸಲ ಡಂಗುರ ಸಾರಿಸಿದೆ. ಗೋವಿನಜೋಳದ ಒಕ್ಕಣೆ ನಡೆದಿರುವಾಗ ಬೆಳಿಗ್ಗೆ 11ಕ್ಕೆ ಸಭೆ ಕರೆದ ಜಾಣ ನಾನೇ. ವಾಟ್ಸ್‌ಆ್ಯಪ್ ಗುಂಪು ಹದಿನೈದು ದಿನದಲ್ಲಿ ಶುಭೋದಯದ ಹೂವುಗಳಿಂದ ತುಂಬಿಹೋಯಿತು.

ಹಿಟ್ಟಿನ ಗಿರಣಿಯಲ್ಲಿ ಸರದಿಗೆ ನಿಂತ ಹೆಂಗಸರು ಚರಂಡಿಯ ಲೆಕ್ಕ ತೆಗೆದು ಬೈಯುತ್ತಿದ್ದುದನ್ನು ಕೇಳಿದಾಗ ದಾರಿ ಹೊಳೆಯಿತು. ಹಳೆಯ ಹಲಗೆಗೆ 400 ರೂಪಾಯಿಯ ಬಣ್ಣ ಬಳಿಸಿ ಗಿರಣಿಯ ಗೋಡೆಗೆ ತೂಗುಹಾಕಿ, ವಾರ್ಡಿನ ಕಾಮಗಾರಿ ಮತ್ತು ಮೊತ್ತ ಬರೆದೆ. ಆ ಲೆಕ್ಕದ ಪ್ರತಿ ಸದಸ್ಯನಾದ ನನಗೇ ಸಿಗದೆ, ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಅರ್ಜಿ ಶುಲ್ಕ, ಪುಟಕ್ಕೆ 2 ರೂಪಾಯಿ ಕೊಟ್ಟು ತಂದಿದ್ದೆ!

ಮೊದಲ ವಾರ ಯಾರೂ ತಲೆ ಎತ್ತಿ ನೋಡಲಿಲ್ಲ. ಎರಡನೆಯ ವಾರ ಒಂದು ಚರಂಡಿಯ 42,000ವನ್ನು 4,20,000 ಎಂದು ತಪ್ಪಾಗಿ ಬರೆದುಬಿಟ್ಟೆ. ಸಂಜೆ ಹನ್ನೊಂದು ಜನ ನನ್ನ ಕಟ್ಟೆಯ ಮೇಲೆ. ತಪ್ಪೊಪ್ಪಿಕೊಂಡು, ಗುರುವಾರ ರಾತ್ರಿ 8ಕ್ಕೆ ಗುಡಿಯ ಮುಂದೆ ಕಾಗದ ತೋರಿಸುತ್ತೇನೆ ಎಂದೆ. ಅಂದು ಬಂದವರು ನಲವತ್ತಕ್ಕೆ ಕಡಿಮೆಯಿಲ್ಲ. ಬೇಕೆಂದೇ ಸೊನ್ನೆ ಸೇರಿಸಿದೆ ಎಂದು ಇಂದಿಗೂ ಆಡಿಕೊಳ್ಳುತ್ತಾರೆ. ಆಣೆ ಮಾಡಿ ಹೇಳುತ್ತೇನೆ, ಅದು ಕೈತಪ್ಪು. ಈಗ ವಾರಕ್ಕೆ ಮೂರೇ ಸಾಲು ಬರೆಯುತ್ತೇನೆ. ಯಾವ ಮೂರು ಎಂದು ಹೇಗೆ ಆರಿಸುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ, ಪಕ್ಕದ ವಾರ್ಡಿನವರೂ ಇದನ್ನು ಓದುತ್ತಾರೆ.

ನಡುವೆ ಇನ್ನೊಂದು ಹುಚ್ಚು. ಬೀದಿದೀಪ ಮೊದಲು ಯಾವ ಓಣಿಗೆ ಎಂದು ತೀರ್ಮಾನಿಸಲು ಓಣಿಗೊಂದು ಡಬ್ಬಿ ಇಟ್ಟು, ಮನೆಗೊಂದು ಜೋಳದ ಕಾಳು ಹಾಕಿ ಎಂದೆ. ಎಣಿಸಿದರೆ ಒಂದೇ ಡಬ್ಬಿಯಲ್ಲಿ ಅರ್ಧ ಸೇರು! ಕಾಳು ಕೋಳಿಗಳಿಗೆ ಹೋಯಿತು, ದೀಪವನ್ನು ಕೈ ಎತ್ತಿಸಿ ತೀರ್ಮಾನಿಸಿದೆವು.

ಮುಂದಿನ ಜಮಾಬಂದಿ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಕೆಲಸ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಆಗಬೇಕು. ಹಾಲಿನ ಡೇರಿಯ ಮುಂದೆ ಇನ್ನೊಂದು ಹಲಗೆಗೆ ಬಡಗಿಗೆ ಹೇಳಿದ್ದೇನೆ. ಈ ಸಲ 900 ಕೇಳುತ್ತಿದ್ದಾನೆ.