ಬೇನೆ ಹೇಳಲಾರದವರ ಆರೈಕೆ: ರಾಯಚೂರು ಸೀಮೆಯ ಮನೆಗಳಲ್ಲಿ ನಾನು ಅನುಸರಿಸುವ ಕ್ರಮ

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ನರ್ಸ್ ಕೆಲಸ ನನ್ನದು. ನಾನು ನೋಡುವವರಲ್ಲಿ ಹೆಚ್ಚಿನವರು ನೋವನ್ನು ಬಾಯಿಬಿಟ್ಟು ಹೇಳಲಾರರು. ಲಕ್ವ ಹೊಡೆದು ಮಾತು ನಿಂತವರು, ಮರೆವಿನ ರೋಗದ ಮುದುಕರು, ಬಾಯಿಯ ಕ್ಯಾನ್ಸರ್‌ನಿಂದ ದವಡೆ ಬಿಗಿದವರು, ಕಿವಿ ಕೇಳದವರು. ಮಾತು ಬರುವವರೂ ಹೇಳುವುದು ಕಡಿಮೆ. "ಬ್ಯಾನಿ ಐತೇನ್ರಿ ಯಮ್ಮಾ?" ಎಂದರೆ "ಏನಿಲ್ಲ ಬಿಡ್ರಿ, ವಯಸ್ಸಾತು" ಅನ್ನುತ್ತಾರೆ. ಮಗ ಎದುರಿಗಿದ್ದರೆ ಈ ಉತ್ತರ ಇನ್ನೂ ಬೇಗ ಬರುತ್ತದೆ. ಬೇನೆ ಅಂದರೆ ಗಾಡಿ ಮಾಡಿಕೊಂಡು ದವಾಖಾನೆಗೆ ಹೋಗಬೇಕು, ಮಗನ ಕೂಲಿ ತಪ್ಪುತ್ತದೆ ಎಂಬುದು ಆಕೆಗೆ ಗೊತ್ತು. ಮಾತಿನಲ್ಲಿ ಹೇಳಲಾಗದಿದ್ದರೆ ನೋವೇ ಇಲ್ಲ ಎಂದು ತಿಳಿಯಬಾರದು ಎಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವೂ 2020ರ ತನ್ನ ಪರಿಷ್ಕೃತ ವ್ಯಾಖ್ಯೆಯ ಟಿಪ್ಪಣಿಯಲ್ಲಿ ಸೇರಿಸಿದೆ. ಆದ್ದರಿಂದ ಕೇಳುವುದಕ್ಕಿಂತ ಮೊದಲು ನೋಡುವುದು ನನ್ನ ಕ್ರಮ.

ನೋಡುವುದಕ್ಕೆ ಪೇನ್ಯಾಡ್ ಎಂಬ ಅಳತೆಪಟ್ಟಿ ಬಳಸುತ್ತೇನೆ. ಮರೆವಿನ ರೋಗ ಮುಂದುವರಿದವರಿಗಾಗಿ 2003ರಲ್ಲಿ ಪ್ರಕಟವಾದದ್ದು. ಉಸಿರಾಟ, ನರಳುವ ದನಿ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ಶಾಂತವಾಗುತ್ತಾರೆಯೇ ಎಂಬ ಐದು ಅಂಶಗಳಿಗೆ ತಲಾ 0, 1 ಅಥವಾ 2, ಒಟ್ಟು 10. ಬಳಸುವವರು ಎಡವುವುದು ಒಂದೇ ಕಡೆ: ಸುಮ್ಮನೆ ಮಲಗಿದ್ದಾಗ ನೋಡಿ 0 ಬರೆದು ಹೋಗುತ್ತಾರೆ. ಅಲುಗಾಡಿದರೆ ನೋಯುತ್ತದೆ ಎಂದೇ ಅವರು ಅಲುಗಾಡದೆ ಮಲಗಿರುತ್ತಾರೆ. ಐದು ನಿಮಿಷ ಮಲಗಿದ ಸ್ಥಿತಿಯಲ್ಲಿ ನೋಡಿ, ಆಮೇಲೆ ಮಗ್ಗುಲು ಬದಲಿಸುವಾಗ, ಬಟ್ಟೆ ಬದಲಿಸುವಾಗ ಮತ್ತೆ ನೋಡಿ ಎರಡೂ ಅಂಕಿ ಬೇರೆ ಬೇರೆ ಬರೆಯುತ್ತೇನೆ. ಮಲಗಿದಾಗ 1, ತಿರುಗಿಸಿದಾಗ 6 ಇದ್ದರೆ ನನಗೆ ಬೇಕಾದ ಅಂಕಿ 6.

ಪಟ್ಟಿ ಮೋಸ ಮಾಡುವ ಸಂದರ್ಭಗಳೂ ಇವೆ. ಲಕ್ವದಲ್ಲಿ ಅರ್ಧ ಮುಖ ಸೋತಿದ್ದರೆ ಆರೋಗ್ಯವಿರುವ ಅರ್ಧವನ್ನಷ್ಟೇ ಓದಬೇಕು. ಪಾರ್ಕಿನ್ಸನ್ ಎಂಬ ನಡುಕದ ರೋಗ ಇದ್ದವರ ಮುಖದಲ್ಲಿ ಭಾವವೇ ಕಾಣದು, ಅವರಲ್ಲಿ ಹುಬ್ಬಿಗಿಂತ ಕೈಮುಷ್ಟಿ ನಿಜ ಹೇಳುತ್ತದೆ. ದಮ್ಮಿನ ರೋಗಿಗೆ ಉಸಿರಾಟದ ಅಂಕ ಯಾವಾಗಲೂ ಹೆಚ್ಚೇ ಬರುತ್ತದೆ. ಇಂಥವರಿಗೆ ಒಂದು ದಿನದ ಅಂಕಿಯಿಂದ ಏನೂ ತಿಳಿಯದು. ಅದೇ ಮನುಷ್ಯನ ನಿನ್ನೆಯ ಅಂಕಿಯ ಜೊತೆ ಹೋಲಿಸಬೇಕು. ಎರಡು ತಿಂಗಳಿಂದ ಏಳು ವರ್ಷದವರೆಗಿನ ಮಕ್ಕಳಿಗೆ ಇದೇ ಬಗೆಯ ಫ್ಲ್ಯಾಕ್ ಪಟ್ಟಿ ಇದೆ: ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ.

ಮಾತಾಡಬಲ್ಲ ಹಿರಿಯರಿಗೆ 0ಯಿಂದ 10ರ ಅಂಕಿ ತಲೆಗೆ ಹತ್ತುವುದಿಲ್ಲ. "ರೂಪಾಯಿಗೆ ಎಷ್ಟಾಣೆ ಬ್ಯಾನಿ ಐತಿ?" ಎಂದರೆ ತಟ್ಟನೆ "ಹನ್ನೆರಡಾಣೆ" ಅನ್ನುತ್ತಾರೆ. ಗುಳಿಗೆ ಕೊಟ್ಟ ಮೇಲೆ "ನಾಕಾಣೆ ಉಳದೈತಿ" ಎಂದರೆ ನನ್ನ ಪುಸ್ತಕಕ್ಕೆ ಅಷ್ಟು ಸಾಕು. ಇದನ್ನು ಮಗ-ಸೊಸೆ ಹೊರಗೆ ಹೋದಾಗ ಕೇಳುವುದು ಒಳ್ಳೆಯದು.

ಅಂಕಿ ಹೆಚ್ಚು ಬಂದ ತಕ್ಷಣ ಗುಳಿಗೆಗೆ ಕೈ ಹಾಕುವುದಿಲ್ಲ. ಮೊದಲು ಬಟ್ಟೆ ಒದ್ದೆಯೇ ನೋಡುತ್ತೇನೆ. ಕಿಬ್ಬೊಟ್ಟೆ ಮುಟ್ಟುತ್ತೇನೆ, ಅಲ್ಲಿ ಗಟ್ಟಿಯಾಗಿ ಉಬ್ಬಿದ್ದು ಸಿಕ್ಕರೆ, ಒತ್ತಿದಾಗ ಮುಖ ಕಿವುಚಿದರೆ ಮೂತ್ರ ಕಟ್ಟಿದೆ, ಬೇಕಾದದ್ದು ಮೂತ್ರ ಹೊರತೆಗೆಯುವ ನಳಿಕೆ (ಕ್ಯಾಥೆಟರ್), ನೋವಿನ ಗುಳಿಗೆಯಲ್ಲ. ಹೊರಕಡೆಗೆ ಹೋಗಿ ಎಷ್ಟು ದಿನವಾಯಿತು ಕೇಳುತ್ತೇನೆ. ಹಿಮ್ಮಡಿ, ಸೊಂಟದ ಮೂಳೆ, ಕಿವಿಯ ಹಿಂಭಾಗ ನೋಡುತ್ತೇನೆ. ಹೊರಸಿನ ಹಗ್ಗ ಜೋಲು ಬಿದ್ದಿದ್ದರೆ ಸೊಂಟದ ಭಾರವೆಲ್ಲ ಒಂದೇ ಕಡೆ ಇಳಿಯುತ್ತದೆ. ಹಗ್ಗ ಬಿಗಿಸಿ ಮೇಲೆ ಎರಡು ಕೌದಿ ಹಾಸಿದರೆ ಕೆಲವರ ರಾತ್ರಿಯ ನರಳಾಟ ಅರ್ಧ ಇಳಿಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಆದರೆ ಪೂರ್ತಿ ಪಕ್ಕಕ್ಕೆ ಉರುಳಿಸಬಾರದು. ಬೆನ್ನ ಹಿಂದೆ ಮಡಿಸಿದ ಕೌದಿ ಇಟ್ಟು ಸುಮಾರು 30 ಡಿಗ್ರಿ ಓರೆ ಮಾಡಿದರೆ ಸೊಂಟದ ಪಕ್ಕದ ಮೂಳೆಗೆ ಒತ್ತಡ ಬೀಳುವುದಿಲ್ಲ.

ಲಕ್ವದವರ ಸೋತ ಭುಜ ಬೇರೆಯೇ ಗಮನ ಬೇಡುತ್ತದೆ. ಸ್ನಾಯು ಸಡಿಲವಾದಾಗ ತೋಳಿನ ಮೂಳೆ ಗುಣಿಯಿಂದ ಜಾರುತ್ತದೆ. ಮನೆಯವರು ಎಬ್ಬಿಸುವಾಗ ಅದೇ ಕೈ ಹಿಡಿದು, ಇಲ್ಲವೇ ಕಂಕುಳಲ್ಲಿ ಕೈಹಾಕಿ ಎತ್ತುತ್ತಾರೆ. ಭುಜದ ನೋವು ಅಲ್ಲಿಂದಲೇ ಶುರು. ನಾನು ಹೇಳಿಕೊಡುವುದು ಇಷ್ಟು: ಬೆನ್ನ ಕೆಳಗೆ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಇಬ್ಬರು ಎರಡು ಕಡೆ ಸೀರೆ ಹಿಡಿದು ಸರಿಸಿ; ಕೂತಾಗ ಸೋತ ಕೈ ಗಾಳಿಯಲ್ಲಿ ತೂಗಾಡದಂತೆ ತೊಡೆಯ ಮೇಲಿನ ದಿಂಬಿನ ಮೇಲಿಡಿ; ಅಂಗಿ ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಕೊನೆಗೆ.

ಮರೆವಿನ ರೋಗದಲ್ಲಿ ಸಂಜೆ ಕೂಗಾಟ, ಹೊಡೆಯುವುದು, ಸ್ನಾನಕ್ಕೆ ಬಿಡದಿರುವುದು ಕಂಡರೆ ನಿದ್ದೆ ಗುಳಿಗೆ ಕೇಳುವ ಮೊದಲು ನೋವಿದೆಯೇ ಎಂದು ಪರೀಕ್ಷಿಸಬೇಕು. ನಾರ್ವೆಯ ವೃದ್ಧಾಶ್ರಮಗಳ 352 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಂತಹಂತವಾಗಿ ನೋವಿನ ಔಷಧ ಕೊಟ್ಟವರಲ್ಲಿ ಎಂಟು ವಾರಗಳಲ್ಲಿ ಉದ್ರೇಕ ಗಣನೀಯವಾಗಿ ತಗ್ಗಿತ್ತು. ಅವರಲ್ಲಿ ಬಹುಪಾಲು ಜನಕ್ಕೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆನ್ನು, ಮೊಣಕಾಲು ಬಿಗಿದ ಮುದುಕರು ಎಷ್ಟೋ ಮಂದಿ. ಅವರು ಸ್ನಾನಕ್ಕೆ ಜಗಳ ತೆಗೆದರೆ ಹಟ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಪ್ಯಾರಾಸಿಟಮಾಲ್ ಅನ್ನು "ಜ್ವರದ ಗುಳಿಗಿ" ಎಂದು ತಳ್ಳಿಹಾಕುತ್ತಾರೆ. ವೈದ್ಯರು ಬರೆದಷ್ಟನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಅದು ಮಾಡುವ ಕೆಲಸ ದೊಡ್ಡದು. ಲೆಕ್ಕ ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. ಸಣಕಲು ಮೈಯ, 40 ಕಿಲೋ ಅಜ್ಜಿಗೆ ಆರು ಗಂಟೆಗೊಮ್ಮೆ 500 ಮಿ.ಗ್ರಾಂ ಸಾಕು, ದಿನಕ್ಕೆ 2 ಗ್ರಾಂ. ದೊಡ್ಡವರಿಗೆ 4 ಗ್ರಾಂ ಮಿತಿ ಎಂಬುದನ್ನು ಇಂಥವರಿಗೆ ಹಚ್ಚಬಾರದು. ಎದ್ದು ನಿಲ್ಲಲಾರದವರ ತೂಕ ತಿಳಿಯಲು ಮಗ ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ಅವನ ತೂಕ ಕಳೆದರಾಯಿತು. ನುಂಗಲು ಕಷ್ಟವಿದ್ದರೆ 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ 10 ಮಿ.ಲೀ. ಇದೇ ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂನದೂ ಬರುತ್ತದೆ, ಡಬ್ಬಿ ಓದದೆ ಕೊಟ್ಟರೆ ಅರ್ಧ ಪ್ರಮಾಣವೇ ಹೋಗುತ್ತದೆ. ನೆಗಡಿ ಗುಳಿಗೆ, ನೋವಿಗೆ ಕೊಡುವ ಟ್ರಮಡಾಲ್ ಮಿಶ್ರಣ, ಅಸೆಕ್ಲೋಫೆನಾಕ್ ಮಿಶ್ರಣ, ಎಲ್ಲದರಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಮನೆಯ ಗುಳಿಗೆ ಚೀಲ ಪೂರ್ತಿ ಸುರುವಿಸಿ ಒಂದೊಂದೇ ಚೀಟಿ ಓದದೆ ನಾನು ಪ್ರಮಾಣ ಹೇಳುವುದಿಲ್ಲ.

ಆ ಚೀಲದಲ್ಲಿ ನಾನು ಹುಡುಕುವ ಇನ್ನೊಂದು ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. ಊರಲ್ಲಿ ಚುಚ್ಚಿಸಿಕೊಳ್ಳುವ "ಬ್ಯಾನಿ ಇಂಜೆಕ್ಷನ್" ಕೂಡ ಬಹಳ ಸಲ ಇದೇ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೆ ರಕ್ತ ಸಾಗುವುದನ್ನು ಈ ಔಷಧ ತಗ್ಗಿಸುತ್ತದೆ. ಜೊತೆಗೆ ಬಿಪಿಗೆಂದು ಎನಲಾಪ್ರಿಲ್ ಜಾತಿಯ ಗುಳಿಗೆ ಮತ್ತು ಮೂತ್ರ ಇಳಿಸುವ ಗುಳಿಗೆ ಎರಡೂ ಇದ್ದರೆ ಮೂರೂ ಸೇರಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಬೇಸಿಗೆಯಲ್ಲಿ ಈ ಮೂರು ಒಂದೇ ಚೀಲದಲ್ಲಿ ಸಿಕ್ಕರೆ ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡುತ್ತೇನೆ. ದಿನಕ್ಕೆ ಎಷ್ಟು ಸಲ ಮೂತ್ರವಾಯಿತು, ಬಣ್ಣ ಯಾವುದು ಎಂಬುದು ನನ್ನ ಪುಸ್ತಕದಲ್ಲಿ ನೋವಿನ ಅಂಕಿಯ ಪಕ್ಕದಲ್ಲೇ ಇರುತ್ತದೆ.

ಅಫೀಮಿನಿಂದ ತಯಾರಾಗುವ ಬಲವಾದ ನೋವಿನ ಔಷಧ ಮಾರ್ಫಿನ್ ವಿಷಯಕ್ಕೆ ಬಂದರೆ, ಕ್ಯಾನ್ಸರ್ ನೋವಿಗೆ ಅದು ಕೊನೆಯ ಗಳಿಗೆಯ ಔಷಧ ಎಂಬ ನಂಬಿಕೆ ರೋಗಿಗಳಿಗಿಂತ ಓದಿದವರಲ್ಲೇ ಜಾಸ್ತಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಇಟ್ಟುಕೊಳ್ಳುವ ವಿಧಾನ ಸರಳವಾಗಿದೆ. ಊರ ಮೆಡಿಕಲ್ ಶಾಪ್‌ನಲ್ಲಿ ಸಿಗುವ ವಸ್ತುವಲ್ಲ. ಆದ್ದರಿಂದ ಗುಳಿಗೆ ತೀರುವ ಮುಂಚೆಯೇ, ಕನಿಷ್ಠ ಐದು ದಿನದ್ದು ಉಳಿದಿರುವಾಗ, ಮರುಚೀಟಿಗೆ ಹೋಗಬೇಕು.

ಸಾಮಾನ್ಯ ಮಾರ್ಫಿನ್ ಗುಳಿಗೆ ಕೆಲಸ ಮಾಡುವುದು ನಾಲ್ಕು ಗಂಟೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿಯದನ್ನು ವೈದ್ಯರು ಹೆಚ್ಚಾಗಿ ಎರಡರಷ್ಟು ಬರೆಯುತ್ತಾರೆ, ನಡುರಾತ್ರಿ ಎಬ್ಬಿಸುವುದು ತಪ್ಪುತ್ತದೆ. ಎಲ್ಲ ಮನೆಯಲ್ಲೂ ಆಗುವ ತಪ್ಪು "ಬ್ಯಾನಿ ಬಂದಾಗ ಕೊಡೋಣ" ಎಂದು ಕಾಯುವುದು. ಕಾದು ಕೊಟ್ಟರೆ ಗುಳಿಗೆ ಹತ್ತುವಷ್ಟರಲ್ಲಿ ನೋವು ಏರಿರುತ್ತದೆ, ಅದನ್ನು ಇಳಿಸಲು ಹೆಚ್ಚು ಪ್ರಮಾಣ ಬೇಕಾಗುತ್ತದೆ, ಆಗ ಮಂಪರು ಬರುತ್ತದೆ, ಮನೆಯವರು ಹೆದರಿ ನಿಲ್ಲಿಸುತ್ತಾರೆ. ಮಧ್ಯೆ ನೋವು ಹೊಡೆದರೆ ಕೊಡುವ ಹೆಚ್ಚುವರಿ ಪ್ರಮಾಣ ಸಾಮಾನ್ಯವಾಗಿ ಇಡೀ ದಿನದ ಆರನೇ ಒಂದು ಭಾಗ. ಅದನ್ನು ಕೊಟ್ಟ ಹೊತ್ತನ್ನು ಬರೆದಿಡಬೇಕು, ಮುಂದಿನ ಸಲ ಪ್ರಮಾಣ ಏರಿಸಬೇಕೇ ಎಂದು ವೈದ್ಯರು ನಿರ್ಧರಿಸುವುದು ಅದನ್ನು ನೋಡಿಯೇ. ಮೈ ಸೋತ ಹಿರಿಯರಿಗೆ ಆರಂಭದ ಪ್ರಮಾಣ 2.5 ಮಿ.ಗ್ರಾಂ ಇರುತ್ತದೆ. 10 ಮಿ.ಗ್ರಾಂ ಗುಳಿಗೆಯನ್ನು ನಾಲ್ಕು ಚೂರು ಮಾಡಿದರೆ ಸಮ ಬರುವುದಿಲ್ಲ. ಪುಡಿಮಾಡಿ 10 ಮಿ.ಲೀ. ನೀರಲ್ಲಿ ಚೆನ್ನಾಗಿ ಕದಡಿ ಸಿರಿಂಜ್‌ನಲ್ಲಿ 2.5 ಮಿ.ಲೀ. ತೆಗೆದು ಕೊಡಬಹುದು, ಮೂಗಿನ ನಳಿಕೆಗೂ ಹಾಕಬಹುದು. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಗುಳಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಪುಡಿ ಮಾಡಬಾರದು, ಹನ್ನೆರಡು ಗಂಟೆಯ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ.

ಮೊದಲ ಎರಡು-ಮೂರು ದಿನ ವಾಕರಿಕೆ, ಮಂಪರು ಇರುತ್ತವೆ, ಆಮೇಲೆ ಇಳಿಯುತ್ತವೆ. ಇಳಿಯದೆ ಉಳಿಯುವುದು ಮಲಬದ್ಧತೆ. ಅದಕ್ಕೇ ಮಾರ್ಫಿನ್ ಶುರುವಾದ ರಾತ್ರಿಯಿಂದಲೇ ಮಲ ಸಾಗಿಸುವ ಔಷಧ ಬಿಸಾಕೋಡಿಲ್ 5 ಮಿ.ಗ್ರಾಂನ ಎರಡು ಗುಳಿಗೆ ಕೂಡ ಬರೆಸಿಕೊಳ್ಳುತ್ತೇನೆ. ಒಂದು ಮೋಸದ ಲಕ್ಷಣ ಇಲ್ಲಿದೆ: ನಾಲ್ಕೈದು ದಿನ ಕಟ್ಟಿ ಆಮೇಲೆ ನೀರುನೀರಾಗಿ ಸೋರತೊಡಗಿದರೆ ಅದು ಭೇದಿಯಲ್ಲ, ಒಳಗೆ ಗಟ್ಟಿಯಾದದ್ದರ ಸುತ್ತ ಜಾರಿ ಬಂದದ್ದು. ಭೇದಿ ಎಂದು ಬಿಸಾಕೋಡಿಲ್ ನಿಲ್ಲಿಸಿದರೆ ಹೊಟ್ಟೆ ಇನ್ನೂ ಬಿಗಿಯುತ್ತದೆ. ಬೆರಳಿನಿಂದ ಪರೀಕ್ಷಿಸಿ ಎನಿಮಾ ಕೊಡುವುದೇ ದಾರಿ.

ಬೇಸಿಗೆಯ ನೀರಿನ ಕೊರತೆ ಮಾರ್ಫಿನ್‌ಗೂ ತಗಲುತ್ತದೆ. ಮೂತ್ರಪಿಂಡ ಸೋತರೆ ಮಾರ್ಫಿನ್‌ನ ಒಡೆದ ಅಂಶಗಳು ಮೈಯಲ್ಲಿ ಉಳಿದು ಕೈಕಾಲು ತಟ್ಟನೆ ಜಿಗಿಯುತ್ತವೆ, ಇಲ್ಲದವರನ್ನು ಕಂಡಂತೆ ಮಾತಾಡುತ್ತಾರೆ. ಮನೆಯವರು ಗಾಳಿ ಸೋಕಿದೆ ಎಂದು ತಾಯತಕ್ಕೆ ಹೋಗುತ್ತಾರೆ. ತಾಯತ ಕಟ್ಟಲಿ, ನನ್ನದೇನೂ ತಕರಾರಿಲ್ಲ. ಮುಂದಿನ ಗುಳಿಗೆ ಕೊಡುವ ಮೊದಲು ನನಗೆ ಫೋನ್ ಬರಬೇಕು. ಪೂರ್ತಿ ಒಂದು ನಿಮಿಷ ಎಣಿಸಿದಾಗ ಉಸಿರು 8ಕ್ಕಿಂತ ಕಡಿಮೆ, ಕಣ್ಣಪಾಪೆ ಸೂಜಿಮೊನೆಯಷ್ಟು, ಎಬ್ಬಿಸಿದರೂ ಎಚ್ಚರವಿಲ್ಲ ಎಂದರೆ ಗುಳಿಗೆ ನಿಲ್ಲಿಸಿ 108ಕ್ಕೆ ಕರೆ.

"ಉರಿತೈತಿ, ಜುಮುಜುಮು ಅಂತೈತಿ, ಕರೆಂಟ್ ಹೊಡದಂಗಾಕೈತಿ" ಅಂದರೆ ನರದ ನೋವು. ಅದಕ್ಕೆ ಮಾರ್ಫಿನ್ ಒಂದೇ ಸಾಲದು, ವೈದ್ಯರು ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ರಾತ್ರಿಗೆ, ಇಲ್ಲವೇ ಗ್ಯಾಬಪೆಂಟಿನ್ ಸೇರಿಸುತ್ತಾರೆ. ಮುದುಕರಲ್ಲಿ ಅಮಿಟ್ರಿಪ್ಟಿಲಿನ್ ಮೂತ್ರ ಕಟ್ಟಿಸಬಹುದು, ರಾತ್ರಿ ಎದ್ದಾಗ ತಲೆ ತಿರುಗಿ ಬೀಳಿಸಬಹುದು. ಕ್ಯಾನ್ಸರ್ ಮೂಳೆಗೆ ಹರಡಿದ ನೋವಾದರೆ ಕಲಬುರಗಿಯ ಕಿದ್ವಾಯಿ ಕೇಂದ್ರದಂಥ ಕಡೆ ಒಂದೇ ಸಲದ, 8 ಗ್ರೇ (ವಿಕಿರಣದ ಅಳತೆ) ವಿಕಿರಣ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ನೋವು ಇಳಿಸುವ ಮಟ್ಟಿಗೆ ಅದು ಹಲವು ದಿನದ ವಿಕಿರಣಕ್ಕೆ ಸಮ, ಓಡಾಟ ಉಳಿಯುತ್ತದೆ.

ಬಾಯಿ, ಕೆನ್ನೆಯ ಹುಣ್ಣಿನ ಡ್ರೆಸ್ಸಿಂಗ್‌ಗೆ ಮಾರ್ಫಿನ್ ಕೊಟ್ಟು ಮುಕ್ಕಾಲು ಗಂಟೆ ಬಿಟ್ಟು ಕೈ ಹಾಕುತ್ತೇನೆ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮಟ್ಟಸ ಮುಕ್ಕಾಲು ಟೀ ಚಮಚ ಉಪ್ಪು. ಒಣಗಿ ಅಂಟಿದ ಡ್ರೆಸ್ಸಿಂಗ್ ಬಟ್ಟೆಯನ್ನು ಈ ನೀರಲ್ಲಿ ನೆನೆಸಿ ತಾನಾಗಿ ಬಿಡುವವರೆಗೆ ಕಾಯಬೇಕು, ಎಳೆದರೆ ನೋವು, ರಕ್ತ ಎರಡೂ. ವಾಸನೆಗೆ ಮೆಟ್ರೋನಿಡಜೋಲ್ ಗುಳಿಗೆಯ ನಯವಾದ ಪುಡಿ ಹುಣ್ಣಿನ ಮೇಲೆ ಉದುರಿಸಬೇಕು. ನೊಣ ಕೂತು ಹುಳ ಬೀಳದಂತೆ ಹಗಲೂ ಸೊಳ್ಳೆಪರದೆ ಇರಲಿ.

ಚರ್ಮದ ಮೂಲಕ ನೋವಿನ ಔಷಧ ಒಳಗಿಳಿಸುವ ಫೆಂಟನಿಲ್ ಪಟ್ಟಿ ಅಂಟಿಸಿ ಕಳಿಸಿದವರು ಆಗಾಗ ಸಿಗುತ್ತಾರೆ. 72 ಗಂಟೆಗೊಮ್ಮೆ ಬದಲಿಸುವುದು, ಹಳೆಯದನ್ನು ತೆಗೆದೇ ಹೊಸದು ಹಚ್ಚುವುದು. ಹಚ್ಚಿದ ಮೊದಲ 12 ಗಂಟೆ ಅದರಿಂದ ಹೆಚ್ಚೇನೂ ಆಗದು, ಆ ಹೊತ್ತಿಗೆ ಬೇರೆ ಔಷಧ ಬೇಕು. ಶಾಖ ತಾಗಿದರೆ ಔಷಧ ವೇಗವಾಗಿ ಒಳಗಿಳಿಯುತ್ತದೆ. ನಮ್ಮಲ್ಲಿ ನೋವಿದ್ದ ಕಡೆ ಕಾಸುವುದು ರೂಢಿ, ಪಟ್ಟಿಯ ಮೇಲೆ ಬಿಸಿ ಇಟ್ಟಿಗೆ, ಬಿಸಿನೀರ ಚೀಲ ಕೂಡದೇ ಕೂಡದು. ಜ್ವರ ಬಂದರೂ ಉಸಿರು ಎಣಿಸಬೇಕು.

ದುಡಿಯುವವರು ಗುಳೆ ಹೋದ ಮನೆಯಲ್ಲಿ ಔಷಧ ಕೊಡುವುದು ಮೊಮ್ಮಗಳು, ಕೆಲವು ಕಡೆ ಪಕ್ಕದ ಮನೆಯಾಕೆ. ಅಲ್ಲಿ ಐದು ಹೊತ್ತಿಗೆ ಐದು ಪೊಟ್ಟಣ, ಮೇಲೆ ಸೂರ್ಯ-ಚಂದ್ರನ ಚಿತ್ರ, ಫೋನಿನಲ್ಲಿ ಅಲಾರಾಂ. ಮಗು ಶಾಲೆಗೆ ಹೋಗುವ ಹೊತ್ತಿನ 10 ಮತ್ತು 2ರ ಗುಳಿಗೆ ತಪ್ಪುವುದು ಖಚಿತ. ಅಂಥ ಮನೆಗೆ ಹನ್ನೆರಡು ಗಂಟೆಗೊಮ್ಮೆ ಕೊಡುವ ಗುಳಿಗೆ ಬರೆಯಲು ವೈದ್ಯರನ್ನು ಕೇಳುತ್ತೇನೆ. ಉಳಿದ ಗುಳಿಗೆ ಬೀಗದ ಪೆಟ್ಟಿಗೆಯಲ್ಲಿ, ಬೀಗದ ಕೈ ದೊಡ್ಡವರೊಬ್ಬರ ಹತ್ತಿರ. ಪ್ರತಿ ಭೇಟಿಯಲ್ಲಿ ಗುಳಿಗೆಯ ಖಾಲಿ ಪಟ್ಟಿ ಎಣಿಸಿ ಪುಸ್ತಕದ ಲೆಕ್ಕಕ್ಕೆ ತಾಳೆ ನೋಡುತ್ತೇನೆ. ಲೆಕ್ಕಕ್ಕಿಂತ ಹೆಚ್ಚು ಗುಳಿಗೆ ಉಳಿದಿದ್ದರೆ ಹೊತ್ತು ತಪ್ಪುತ್ತಿದೆ, ಕಡಿಮೆ ಇದ್ದರೆ ಮಧ್ಯೆ ನೋವು ಏರುತ್ತಿದೆ ಇಲ್ಲವೇ ಬೇರೆ ಕೈ ಸೇರುತ್ತಿದೆ. ರೋಗಿ ತೀರಿಕೊಂಡ ಮನೆಯಲ್ಲಿ ಉಳಿದದ್ದನ್ನು ಮನೆಯವರ ಎದುರಿಗೇ ಎಣಿಸಿ, ಸಹಿ ಹಾಕಿಸಿ, ಕೊಟ್ಟ ದವಾಖಾನೆಗೇ ಹಿಂತಿರುಗಿಸುತ್ತೇನೆ.