ಉಪ್ಪಿನ ಲೆಕ್ಕ ಕೇಳಬೇಡಿ, ತೂಗಿ

ಹಳ್ಳಿಗಳಲ್ಲಿ ಊಟಕ್ಕೂ ಹೊಟ್ಟೆ ಕ್ಯಾನ್ಸರ್‌ಗೂ ಇರುವ ನಂಟು ಹುಡುಕಲು ಹೋದವರು ಎಡವುವುದು ಉಪ್ಪಿನ ಲೆಕ್ಕದಲ್ಲೇ. ಉಪ್ಪಿನ ಡಬ್ಬಿ ತೂಗುತ್ತೇನೆ ಅಂದಾಗ ನಮ್ಮ ತಂಡದವರೇ ನಕ್ಕಿದ್ದರು. ಈಗ ಅವರೇ ನನ್ನ ಫಾರ್ಮ್ ಕೇಳಿ ಪಡೆಯುತ್ತಾರೆ!

ಪ್ರಶ್ನಾವಳಿ ಮೊದಲು ಕೈಕೊಟ್ಟಿತು. "ಉಪ್ಪು ಜಾಸ್ತಿನಾ?" ಅಂದರೆ ಎಲ್ಲರದೂ "ಹದವಾಗಿದೆ" ಅನ್ನುವ ಉತ್ತರ. ಎಷ್ಟು ಹಾಕಿದೆ ಅಂತ ಅಡುಗೆ ಮಾಡಿದವರಿಗೆ ಗೊತ್ತು, ಉಂಡವರಿಗಲ್ಲ. ಆಮೇಲೆ 24 ಗಂಟೆಯ ಮೂತ್ರ ಸಂಗ್ರಹ. ತಿಂದ ಉಪ್ಪಿನ ಸೋಡಿಯಂನಲ್ಲಿ ಸುಮಾರು ಶೇ 90 ಮೂತ್ರದಲ್ಲೇ ಹೋಗುತ್ತೆ, ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ ನಿಜ. ಆದರೆ ಬೆಳಿಗ್ಗೆಯೇ ಹೊಲಕ್ಕೆ ಹೋಗುವವರು ಕ್ಯಾನ್ ಹೊತ್ತು ತಿರುಗುತ್ತಾರಾ? ಬಹಳಷ್ಟು ಕ್ಯಾನ್ ಅರ್ಧಂಬರ್ಧ ತುಂಬಿ ಬಂದವು. ಲ್ಯಾಬ್ ಬಿಲ್ ಮಾತ್ರ ಪೂರ್ತಿ ಬಂತು, ಅನುದಾನದ ಅರ್ಧದಷ್ಟನ್ನು ಅದೇ ನುಂಗಿತು.

ಉಳಿದ ದುಡ್ಡಲ್ಲಿ ಅಡುಗೆಮನೆ ತಕ್ಕಡಿ ಕೊಂಡೆವು. ಇವತ್ತು ಡಬ್ಬಿ ತೂಗುವುದು, ವಾರ ಬಿಟ್ಟು ಮತ್ತೆ ತೂಗುವುದು. ಉಂಡವರೆಷ್ಟು, ನೆಂಟರೆಷ್ಟು ಬರೆದುಕೊಳ್ಳುವುದು. ದನಕ್ಕೆ ಹಾಕಿದ ಉಪ್ಪನ್ನು ಕಳೆಯದಿದ್ದರೆ ಲೆಕ್ಕ ಕೆಡುತ್ತೆ. ಉಪ್ಪಲ್ಲಿ ಹಾಕಿಡುವ ಆಹಾರದ್ದು ಬೇರೆಯೇ ಕಾಲಂ, ಯಾಕೆಂದರೆ ಹೊಟ್ಟೆ ಕ್ಯಾನ್ಸರ್ ಜೊತೆ ಗಟ್ಟಿ ನಂಟು ಕಂಡಿರುವುದು ಅದಕ್ಕೇ. ಮೂತ್ರ ಪರೀಕ್ಷೆ ಹತ್ತರಲ್ಲಿ ಒಂದು ಮನೆಗೆ ಮಾತ್ರ, ತಾಳೆ ನೋಡೋಕೆ. ತಲೆಗೆ ದಿನಕ್ಕೆ 10 ಗ್ರಾಂ ಆಸುಪಾಸು ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ. ತೂಗುತ್ತಾರೆ ಅಂತ ಮನೆಯವರು ಉಪ್ಪು ಕಡಿಮೆ ಮಾಡದಂತೆ ನೋಡಿಕೊಳ್ಳೋಕೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ.

ಉಪ್ಪೊಂದನ್ನೇ ಹಿಡಿದು ಕೂರಬೇಡಿ. ಉಪ್ಪು ಹೊಟ್ಟೆಯ ಒಳಪದರವನ್ನು ಕೆಡಿಸಿದರೆ ಹೊಟ್ಟೆ ಕ್ಯಾನ್ಸರ್‌ಗೆ ದೊಡ್ಡ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾಕ್ಕೆ ದಾರಿ ಸಲೀಸು. ಚೀನಾದ ಲಿಂಚು ಕೌಂಟಿಯಲ್ಲಿ 1995ರಲ್ಲಿ ಬರೀ ಎರಡು ವಾರ ಈ ಬ್ಯಾಕ್ಟೀರಿಯಾಕ್ಕೆ ಔಷಧಿ ಕೊಟ್ಟಿದ್ದರು. 22 ವರ್ಷದ ನಂತರವೂ ಅದರ ಲಾಭ ಕಾಣುತ್ತಿತ್ತು, ಔಷಧಿ ತಗೊಂಡವರಲ್ಲಿ ಹೊಟ್ಟೆ ಕ್ಯಾನ್ಸರ್ ಕಡಿಮೆ. ಈ ಬ್ಯಾಕ್ಟೀರಿಯಾ ಪರೀಕ್ಷೆಗೆ ಮಲದಲ್ಲಿ ಅದರ ಅಂಶವನ್ನೇ ಹುಡುಕುವ ಆಂಟಿಜೆನ್ ಕಿಟ್ಟೇ ತಗೊಳ್ಳಿ. ರಕ್ತದ್ದು ಅಗ್ಗ, ಆದರೆ ಗುಣವಾದ ಮೇಲೂ ಬಹಳ ಕಾಲ ಪಾಸಿಟಿವ್ ತೋರಿಸುತ್ತೆ. ಇಲ್ಲಿ ಕಾಸು ಉಳಿಸೋಕೆ ಹೋಗಬೇಡಿ.

ನಡುವೆ ಸುಮ್ನೆ ಬಾವಿ ನೀರಿನ ನೈಟ್ರೇಟ್ ಕೂಡ ನೋಡಿದೆ. ಬಾಯಲ್ಲಿ ಅದು ನೈಟ್ರೈಟ್ ಆಗಿ, ಹೊಟ್ಟೆಯಲ್ಲಿ ಕ್ಯಾನ್ಸರ್‌ಕಾರಕ ನೈಟ್ರೋಸೊ ಸಂಯುಕ್ತ ಆಗಬಹುದು. ಸಿ ವಿಟಮಿನ್ ಇದಕ್ಕೆ ಅಡ್ಡಗಾಲು. ನೀರಿನ ಪರೀಕ್ಷೆಯ ಸ್ಟ್ರಿಪ್‌ಗಳು ತೇವ ಹಿಡಿದು ಹಾಳಾದವು, ಆ ದುಡ್ಡು ನೀರುಪಾಲು. ಇನ್ನೊಂದು ಕಂಡಿತು: ಫ್ರಿಜ್ ಇರುವ ಮನೆಗಳಲ್ಲಿ ಆಹಾರ ಕೆಡದಂತೆ ಇಡುವ ಉಪ್ಪು ಕಡಿಮೆ. ಹಾಗಂತ ಅಲ್ಲಿ ಹೊಟ್ಟೆ ಕ್ಯಾನ್ಸರ್ ಕಡಿಮೆ ಕಂಡರೆ ಶ್ರೇಯಸ್ಸನ್ನೆಲ್ಲ ಫ್ರಿಜ್ಜಿಗೆ ಕೊಡಬೇಡಿ. ಆ ಮನೆಗಳಲ್ಲಿ ಒಂದು ಕೋಣೆಯಲ್ಲಿ ಮಲಗುವವರೂ ಕಡಿಮೆ, ಪೈಲೋರಿ ಹರಡುವುದಕ್ಕೆ ಅದೂ ಲೆಕ್ಕಕ್ಕೆ ಬರುತ್ತೆ. ಮುಂದಿನ ಸುತ್ತಿನ ಫಾರ್ಮ್‌ಗೆ ಕೋಣೆಗಳ ಎಣಿಕೆಯನ್ನೂ ಸೇರಿಸಿದ್ದೇನೆ.