ವಿಸ್ಕಾನ್ಸಿನ್‌ಗೆ ಹೊಸದಾಗಿ ಬಂದವರಿಗೆ: ಪ್ಯಾಕರ್ಸ್ ತಂಡ ರಿಸೀವರ್‌ಗಳನ್ನು ಆರಿಸುವ ಬಗೆ

ವಿಸ್ಕಾನ್ಸಿನ್‌ಗೆ ಬಂದ ಮೊದಲ ವರ್ಷ ಡ್ರೈವಿಂಗ್ ಲೈಸೆನ್ಸು, ಹಿಮಕ್ಕೆ ಬೂಟು, ಮಕ್ಕಳ ಶಾಲೆ ಎಲ್ಲವೂ ಹೇಗೋ ಆಗಿಹೋಗುತ್ತವೆ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಗ್ರೀನ್ ಬೇ ಪ್ಯಾಕರ್ಸ್ ಮಾತು ಶುರುವಾದರೆ ಮಾತ್ರ ನಮ್ಮವರು ಮೆಲ್ಲಗೆ ಸೀಟಿಗೆ ಮರಳುತ್ತಾರೆ. ನಾನೂ ಎರಡು ವರ್ಷ ಹಾಗೇ ಕಳೆದೆ. ನಿಯಮಗಳನ್ನೆಲ್ಲ ಕಲಿತ ಮೇಲೆ ನೋಡೋಣ ಅಂತ ಕಾಯಬೇಡಿ. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಪ್ರತಿ ವರ್ಷ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಬಂದ ಒಬ್ಬ ಹೊಸ ರಿಸೀವರ್‌ನ (ಎಸೆದ ಚೆಂಡನ್ನು ಓಡಿ ಹಿಡಿಯುವವನ) ಬೆನ್ನು ಹಿಡಿಯಿರಿ, ಅವನ ಜೊತೆಗೇ ನಿಮಗೂ ಆಟ ಬರುತ್ತದೆ.

ನಮಗೆ ಗೊತ್ತಿರುವುದು ಐಪಿಎಲ್ ಹರಾಜು. ಅಲ್ಲಿ ಹೆಚ್ಚು ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗುವುದೇ ಇಲ್ಲ, ಸರದಿ ಮಾತ್ರ. ಲೀಗ್‌ನಲ್ಲಿ 32 ತಂಡ, 7 ಸುತ್ತು. ಹಿಂದಿನ ಸೀಸನ್‌ನಲ್ಲಿ ತೀರಾ ಸೋತ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ (ಫೈನಲ್) ಗೆದ್ದವರಿಗೆ ಕೊನೆಯದು. ಏಪ್ರಿಲ್ ಕೊನೆಯಲ್ಲಿ ಗುರುವಾರ ಮೊದಲ ಸುತ್ತು, ಶುಕ್ರವಾರ ಎರಡು ಮತ್ತು ಮೂರನೆಯದು, ಶನಿವಾರ ಉಳಿದವು. ಸರದಿಗಳನ್ನು ತಂಡಗಳು ಕೊಟ್ಟು ತೆಗೆದುಕೊಳ್ಳಬಹುದು, ನಿಜವಾದ ಲೆಕ್ಕಾಚಾರ ಇರುವುದು ಅಲ್ಲೇ.

2022ರ ಕತೆ ನೋಡಿ. ಪ್ಯಾಕರ್ಸ್ ತಮ್ಮ ಅತ್ಯುತ್ತಮ ರಿಸೀವರ್ ಡವಾಂಟೆ ಆಡಮ್ಸ್‌ನನ್ನು ಲಾಸ್ ವೇಗಸ್ ರೈಡರ್ಸ್‌ಗೆ ಬಿಟ್ಟುಕೊಟ್ಟು, ಬದಲಿಗೆ 22 ಮತ್ತು 53ನೇ ಸರದಿ ಪಡೆದರು. 22ರಲ್ಲಿ ರಿಸೀವರ್ ಬರುತ್ತಾನೆ ಅಂತ ಊರಿಗೆ ಊರೇ ಕಾದಿತ್ತು. ತಂಡ ಎದುರಾಳಿಯನ್ನು ತಡೆಯುವ ಲೈನ್‌ಬ್ಯಾಕರ್ ಕ್ವೇ ವಾಕರ್‌ನನ್ನು ಆರಿಸಿತು. ಮರುದಿನ 53 ಮತ್ತು 59ನ್ನು ಬದ್ಧ ಎದುರಾಳಿ ಮಿನ್ನೆಸೋಟ ವೈಕಿಂಗ್ಸ್‌ಗೇ ಕೊಟ್ಟು 34ಕ್ಕೆ ಮೇಲೇರಿ, ನಾರ್ತ್ ಡಕೋಟ ಸ್ಟೇಟ್ ವಿಶ್ವವಿದ್ಯಾಲಯದ ರಿಸೀವರ್ ಕ್ರಿಶ್ಚಿಯನ್ ವಾಟ್ಸನ್‌ನನ್ನು ತಂದರು. ನಾಲ್ಕನೇ ಸುತ್ತಿನಲ್ಲಿ ಇನ್ನೊಬ್ಬ ರಿಸೀವರ್ ರೋಮಿಯೊ ಡೌಬ್ಸ್ ಬಂದ.

ಆ ಸೆಪ್ಟೆಂಬರ್‌ನಲ್ಲಿ ವೈಕಿಂಗ್ಸ್ ವಿರುದ್ಧ ತಂಡದ ಮೊದಲ ಆಕ್ರಮಣದಲ್ಲೇ ವಾಟ್ಸನ್ ಎಲ್ಲರನ್ನೂ ಹಿಂದಿಕ್ಕಿ ಓಡಿದ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಆರನ್ ರಾಜರ್ಸ್ ಎಸೆದ ಉದ್ದನೆಯ ಚೆಂಡು ಕೈಗೆ ಬಂತು, ಜಾರಿತು. ಪಕ್ಕದ ಮನೆಯವರು ಟಿವಿ ಮುಂದೆ ತಲೆ ಮೇಲೆ ಕೈಯಿಟ್ಟು ಕೂತಿದ್ದರು. ನನಗೆ ಮಾತ್ರ ಆ ಹುಡುಗನ ಮುಖ ನೋಡಿ ಹೊಟ್ಟೆ ಚುರ್ರೆಂದಿತು. ನವೆಂಬರ್‌ನಲ್ಲಿ ಡಲ್ಲಾಸ್ ವಿರುದ್ಧ ಅವನೇ ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಹೊಡೆದ, ತಂಡ 31-28ರಲ್ಲಿ ಗೆದ್ದಿತು. ನಾನು ಈ ಆಟಕ್ಕೆ ಮನಸ್ಸು ಕೊಟ್ಟದ್ದು ಆ ದಿನ.

ಗುರುವಾರ ರಾತ್ರಿ ರಿಸೀವರ್ ಹೆಸರು ಬರಲಿಲ್ಲ ಅಂತ ಬೇಸರ ಬೇಡ. ಪ್ಯಾಕರ್ಸ್‌ಗೆ ಒಳ್ಳೆಯ ರಿಸೀವರ್‌ಗಳು ಸಿಕ್ಕಿರುವುದು ಹೆಚ್ಚಾಗಿ ಮೊದಲ ಸುತ್ತಿನ ನಂತರವೇ. ಗ್ರೆಗ್ ಜೆನ್ನಿಂಗ್ಸ್, ಜೋರ್ಡಿ ನೆಲ್ಸನ್, ರಾಂಡಲ್ ಕಾಬ್, ಆಡಮ್ಸ್ ಎಲ್ಲರೂ ಎರಡನೇ ಸುತ್ತಿನವರು. ಡೊನಾಲ್ಡ್ ಡ್ರೈವರ್ ಅಂತೂ 1999ರ ಏಳನೇ ಸುತ್ತಿನವನು. 2023ರಲ್ಲಿ ಎರಡನೇ ಸುತ್ತಿನಲ್ಲಿ ಜೇಡನ್ ರೀಡ್, ಐದನೆಯದರಲ್ಲಿ ಡೊಂಟೇವಿಯನ್ ವಿಕ್ಸ್ ಬಂದರು. ತಡೆಯುವುದು, ಹಿಡಿಯುವುದು ಎರಡನ್ನೂ ಮಾಡುವ ಟೈಟ್ ಎಂಡ್‌ಗಳಾದ ಲ್ಯೂಕ್ ಮಸ್‌ಗ್ರೇವ್, ಟಕರ್ ಕ್ರಾಫ್ಟ್ ಕೂಡ ಅದೇ ವರ್ಷದವರು. ಚೆಂಡು ಹಿಡಿಯುವವರ ಲೆಕ್ಕದಲ್ಲಿ ಇವರನ್ನೂ ಸೇರಿಸಿಕೊಳ್ಳಿ. ಈ ಎಳೆಯರ ಪಡೆ, ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಜೊತೆ, 2024ರ ಜನವರಿಯಲ್ಲಿ ಡಲ್ಲಾಸ್‌ಗೇ ಹೋಗಿ 48-32ರಲ್ಲಿ ಗೆದ್ದು ಬಂತು.

ತಂಡಗಳು ಹೀಗೆ ಹುಡುಗರನ್ನೇ ಬೆಳೆಸುವುದಕ್ಕೆ ದುಡ್ಡೂ ಕಾರಣ. ಡ್ರಾಫ್ಟ್‌ನಲ್ಲಿ ಬಂದವನ ಮೊದಲ ಒಪ್ಪಂದ ನಾಲ್ಕು ವರ್ಷ, ಸಂಬಳ ಕಡಿಮೆ. ವೈಕಿಂಗ್ಸ್‌ನ ರಿಸೀವರ್ ಜಸ್ಟಿನ್ ಜೆಫರ್ಸನ್ 2024ರಲ್ಲಿ ಮಾಡಿಕೊಂಡ ಒಪ್ಪಂದಕ್ಕೆ ವರ್ಷಕ್ಕೆ ಸರಾಸರಿ 3.5 ಕೋಟಿ ಡಾಲರ್. ಇಡೀ ತಂಡದ ಸಂಬಳಕ್ಕೆ ಮಿತಿ ಇರುವಾಗ ಅಂಥವರು ಎಷ್ಟು ಜನರನ್ನು ಸಾಕಲು ಸಾಧ್ಯ?

ಡ್ರಾಫ್ಟ್‌ಗೆ ಮುಂಚಿನ ಓಟದ ಪರೀಕ್ಷೆಯ ಅಂಕಿಗೆ ಮರುಳಾಗಬೇಡಿ. 2017ರಲ್ಲಿ ರಿಸೀವರ್ ಜಾನ್ ರಾಸ್ 40 ಗಜವನ್ನು 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಮಾಡಿದ. ಸಿನ್ಸಿನಾಟಿ ಅವನನ್ನು 9ನೇ ಸರದಿಯಲ್ಲಿ ಆರಿಸಿತು, ಆದರೆ ಅವನು ಅಲ್ಲಿ ನೆಲೆಯೂರಲಿಲ್ಲ. ಕಾವಲಿಗಿದ್ದವನನ್ನು ಮೊದಲ ಎರಡು ಹೆಜ್ಜೆಯಲ್ಲೇ ಹೇಗೆ ತಪ್ಪಿಸುತ್ತಾನೆ, ಚೆಂಡು ತನಗೆ ಬರದಿದ್ದಾಗಲೂ ಬೇರೆಯವರಿಗಾಗಿ ಎದುರಾಳಿಗೆ ಅಡ್ಡ ನಿಲ್ಲುತ್ತಾನಾ, ಅದನ್ನು ನೋಡಿ.

2025ರ ಏಪ್ರಿಲ್‌ನಲ್ಲಿ ಡ್ರಾಫ್ಟ್ ಗ್ರೀನ್ ಬೇಗೇ ಬಂತು, ತಂಡದ ಕ್ರೀಡಾಂಗಣ ಲ್ಯಾಂಬೊ ಫೀಲ್ಡ್‌ನ ಅಂಗಳಕ್ಕೆ. 23ನೇ ಸರದಿಯಲ್ಲಿ ತಂಡದ ಆಗಿನ ಅಧ್ಯಕ್ಷ ಮಾರ್ಕ್ ಮರ್ಫಿ ಟೆಕ್ಸಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗೋಲ್ಡನ್ ಹೆಸರು ಓದಿದಾಗ ಎದ್ದ ಕೂಗು ಹೇಳತೀರದು. 2002ರ ಜೇವನ್ ವಾಕರ್ ನಂತರ ಪ್ಯಾಕರ್ಸ್ ಮೊದಲ ಸುತ್ತಿನಲ್ಲಿ ಆರಿಸಿದ ಮೊದಲ ರಿಸೀವರ್ ಅವನು. ಸೋಮವಾರ ಆಫೀಸಿನಲ್ಲಿ ಏನು ಕೇಳಬೇಕು ಅಂತ ತೋಚದಿದ್ದರೆ ಗೋಲ್ಡನ್ ಹೇಗೆ ಆಡುತ್ತಿದ್ದಾನೆ ಅಂತ ಕೇಳಿ. ಕಾಫಿ ಆರಿಹೋಗುವಷ್ಟು ಹೊತ್ತು ಹೇಳುತ್ತಾರೆ.